ಗೋಡೆಯ ಮೇಲಿನ ಮೂಕ ಚೌಕ

ನನ್ನ ಬಾಲ್ಯ ಕಳೆದದ್ದು ಕುಂದಾಪುರದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ರಾತ್ರಿಯ ಮೋಜೆಂದರೆ ಡೇರೆ ಮೇಳದ ಆಟ. ಆಟದ ದಿನ ಮಧ್ಯಾಹ್ನ ಮೈಕು ಕಟ್ಟಿದ ಜೀಪು ಬರುತ್ತಿತ್ತು. ಅದರಿಂದ ಹಾರಿಬಿದ್ದ ತೆಳು ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲಿಗಾಗಿ ನಾವು ಮಕ್ಕಳು ಧೂಳಿನಲ್ಲಿ ಓಡುತ್ತಿದ್ದೆವು. ಆ ಚೀಟಿಯಲ್ಲಿ ಏನುಂಟು ಏನಿಲ್ಲ! ಪ್ರಸಂಗ ಯಾವುದು, ಭಾಗವತರು ಯಾರು, ಸ್ತ್ರೀವೇಷ ಯಾರದು, ಡೇರೆ ಯಾವ ಬಯಲಿನಲ್ಲಿ, ಎಷ್ಟು ಗಂಟೆಗೆ, ಕುರ್ಚಿಗೆಷ್ಟು, ನೆಲಕ್ಕೆಷ್ಟು. ಓದು ಬಾರದ ಅಜ್ಜಿಗೆ ಅದನ್ನು ಓದಿ ಹೇಳುವುದು ನನ್ನ ಕೆಲಸ. ಒಮ್ಮೆ ಓದಿದರೆ ಸಾಕು, ಸಂಜೆಯೊಳಗೆ ಅಜ್ಜಿಯ ಬಾಯಿಂದ ಅದು ಇಡೀ ಕೇರಿಗೆ ಮುಟ್ಟುತ್ತಿತ್ತು.

ಈಗ ನಾನಿರುವುದು ಬೆಂಗಳೂರಿನಲ್ಲಿ. ನನ್ನ ತಂಗಿಯ ಮಗ ಗಿಟಾರ್ ನುಡಿಸುತ್ತಾನೆ. ಕಳೆದ ಚಳಿಗಾಲದಲ್ಲಿ ಚರ್ಚ್ ಸ್ಟ್ರೀಟಿನ ಯಾವುದೋ ಪಬ್ಬಿನಲ್ಲಿ ಅವನ ತಂಡದ ಮೊದಲ ಕಾರ್ಯಕ್ರಮವೆಂದು ತಂಗಿ ಹೇಳಿದಳು. ಹೇಳದೆ ಹೋಗಿ ಹುಡುಗನನ್ನು ಚಕಿತಗೊಳಿಸೋಣವೆಂದು ಹೊರಟೆ. ಗೋಡೆಯೊಂದರ ಮೇಲೆ ಪೋಸ್ಟರ್ ಸಿಕ್ಕಿತು. ತಂಡದ ಹೆಸರು, ಇಂಗ್ಲಿಷಿನಲ್ಲಿ ‘ಟುನೈಟ್’ ಎಂಬ ಒಂದೇ ಪದ, ಕೆಳಗೆ ಅಂಗೈ ಅಗಲದ ಕಪ್ಪು ಬಿಳುಪಿನ ಕ್ಯೂಆರ್ ಕೋಡ್. ಅಷ್ಟೇ. ಜಾಗವಿಲ್ಲ, ಗಂಟೆಯಿಲ್ಲ, ದರವಿಲ್ಲ.

ಪಕ್ಕದ ಕಟ್ಟಡದ ಕಾವಲುಗಾರ ರಾಯಚೂರಿನ ಕಡೆಯವರು. ಇದು ಎಲ್ಲಿ ನಡೆಯುತ್ತದೆ ಎಂದು ಕೇಳಿದೆ. ‘ಅದು ರೊಕ್ಕ ಹಾಕೋದು ಇರಬೇಕ್ರಿ ಸರ. ಸ್ಕ್ಯಾನ್ ಮಾಡಬ್ಯಾಡ್ರಿ, ರೊಕ್ಕ ಹೋಗ್ತಾವ’ ಎಂದರು. ದಿನವಿಡೀ ಆ ಪೋಸ್ಟರಿನ ಪಕ್ಕದಲ್ಲೇ ನಿಂತಿದ್ದ ಮನುಷ್ಯನಿಗೆ ಅದು ಒಂದು ಮಾತನ್ನೂ ಹೇಳಿರಲಿಲ್ಲ. ಆದರೂ ಸ್ಕ್ಯಾನ್ ಮಾಡಿದೆ. ಆ್ಯಪ್ ಇಳಿಸಿಕೊಳ್ಳಿ ಎಂದಿತು. ಹೆಸರು ಕೇಳಿತು, ಮೊಬೈಲ್ ನಂಬರ್ ಕೇಳಿತು, ಹುಟ್ಟಿದ ದಿನಾಂಕ ಕೇಳಿತು. ಹಾಡು ಎಲ್ಲಿ ಎಂದು ಕೇಳಿದವನಿಗೆ ನೀನು ಯಾರು ಎಂಬ ಪಾಟಿಸವಾಲು! ಹುಡುಗ ಫೋನೆತ್ತಲಿಲ್ಲ; ಆಗಲೇ ವೇದಿಕೆಯ ಮೇಲಿದ್ದನಂತೆ. ನಾನು ಮನೆಗೆ ವಾಪಸಾದೆ.

ಈ ಚೌಕದ ಜಾತಕ ನೋಡಿ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹರಾ ಮತ್ತು ಸಂಗಡಿಗರು ಇದನ್ನು ರೂಪಿಸಿದ್ದು ಕಾರ್ಖಾನೆಯಲ್ಲಿ ವಾಹನದ ಬಿಡಿಭಾಗಗಳ ಲೆಕ್ಕವಿಡಲಿಕ್ಕೆ. ಒಂದು ಕೋಡಿನಲ್ಲಿ 7,089 ಅಂಕೆಗಳವರೆಗೆ ತುಂಬಬಹುದು. ತಕ್ಕಂತೆ ರಚಿಸಿದರೆ ಶೇಕಡಾ 30ರಷ್ಟು ಹಾಳಾದರೂ ಯಂತ್ರ ಓದುತ್ತದೆ. ಅದ್ಭುತ ಸಾಧನ, ಒಪ್ಪೋಣ. ಆದರೆ ಅದು ಯಂತ್ರಕ್ಕಾಗಿ ಯಂತ್ರ ಬರೆದ ಚೀಟಿ. ಮನುಷ್ಯ ಮನುಷ್ಯನನ್ನು ಕರೆಯಲು ಅದೊಂದೇ ಸಾಕೆನ್ನುವುದು ಯಾವ ನ್ಯಾಯ? ನಾವೇನು ಬಿಡಿಭಾಗಗಳೆ?

ಆಯೋಜಕರ ವಾದ ನನಗೆ ಗೊತ್ತು. ಕಾಗದ ಉಳಿಯುತ್ತದೆ, ಕೊನೆಗಳಿಗೆಯಲ್ಲಿ ಜಾಗ ಬದಲಿಸಬಹುದು, ಎಷ್ಟು ಜನ ನೋಡಿದರೆಂಬ ಲೆಕ್ಕ ಸಿಗುತ್ತದೆ. ನಿಜ. ಟಿಕೆಟ್ಟಿಗೆ ಕೋಡ್ ಬಳಸಲಿ, ಬಾಗಿಲಲ್ಲಿ ಸಾಲು ಕರಗುತ್ತದೆ. ಆದರೆ ಆ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ಎಷ್ಟು ಹೊತ್ತಿಗೆ, ಯಾವ ಊರಿನಿಂದ, ಎಂಥ ಫೋನಿನಿಂದ ಸ್ಕ್ಯಾನ್ ಆಯಿತೆಂಬುದನ್ನು ಅವರು ದಾಖಲಿಸಿಕೊಳ್ಳಬಲ್ಲರು. ಹ್ಯಾಂಡ್‌ಬಿಲ್ ನಮ್ಮನ್ನು ಹೀಗೆ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಮೋಸಕ್ಕೂ ಇಲ್ಲಿ ದಾರಿಯಿದೆ. 2022ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ನಗರದ ಪಾರ್ಕಿಂಗ್ ಯಂತ್ರಗಳ ಮೇಲೆ ಯಾರೋ ನಕಲಿ ಕೋಡಿನ ಸ್ಟಿಕ್ಕರ್ ಅಂಟಿಸಿದ್ದರು. ಒಂದು ಚೌಕಕ್ಕೂ ಇನ್ನೊಂದಕ್ಕೂ ಬರಿಗಣ್ಣಿಗೆ ಏನು ವ್ಯತ್ಯಾಸ? ಅದೂ ರಾತ್ರಿ ಹನ್ನೊಂದಕ್ಕೆ, ಎರಡು ಗ್ಲಾಸು ಇಳಿದ ಮೇಲೆ? ಕಾವಲುಗಾರರ ಎಚ್ಚರಿಕೆಯನ್ನು ನಗುವಂತಿಲ್ಲ.

ಇನ್ನೊಂದು ಮಾತು. ನಾಮಫಲಕಗಳಲ್ಲಿ ಶೇಕಡಾ 60 ಕನ್ನಡವಿರಬೇಕೆಂದು 2024ರಲ್ಲಿ ನಮ್ಮ ಸರ್ಕಾರ ಕಾನೂನು ತಿದ್ದಿತು. ಈ ಚೌಕದಲ್ಲಿ ಶೇಕಡಾ ಎಷ್ಟು ಕನ್ನಡವಿದೆ, ಯಾರು ಅಳೆಯುತ್ತಾರೆ?

ಮರುದಿನ ಹುಡುಗನನ್ನು ಕೇಳಿದೆ. ‘ಮಾವ, ಸ್ಕ್ಯಾನ್ ಮಾಡಿದ್ರೆ ಎಲ್ಲಾ ಇತ್ತಲ್ಲ!’ ಎಂದ. ಎಷ್ಟು ಜನ ಬಂದಿದ್ದರು ಎಂದೆ. ಸ್ವಲ್ಪ ತಡೆದು, ‘ಇಪ್ಪತ್ತು ಜನ ಇರಬಹುದು. ಹೆಚ್ಚಿನವರು ನಮ್ಮ ಫ್ರೆಂಡ್ಸೇ’ ಎಂದ. ಅವನ ದನಿ ಇಳಿದಿತ್ತು.

ನನ್ನ ತಕರಾರೆಲ್ಲ ಆ ಉತ್ತರದಲ್ಲೇ ಇದೆ. ಗೆಳೆಯರಿಗೆ ಪೋಸ್ಟರ್ ಬೇಕಿಲ್ಲ. ಅವರಿಗೆ ಮೊದಲೇ ಗೊತ್ತಿರುತ್ತದೆ. ಪೋಸ್ಟರ್ ಇರುವುದು ಗೊತ್ತಿಲ್ಲದೆ ಆ ದಾರಿಯಲ್ಲಿ ಬಂದವನಿಗಾಗಿ. ಅವನು ಓದಬೇಕು, ಮನಸ್ಸಾದರೆ ಒಳಗೆ ಬರಬೇಕು, ಬಾರದಿದ್ದರೆ ಇನ್ನೊಬ್ಬರಿಗಾದರೂ ಹೇಳಬೇಕು. ಕ್ಯೂಆರ್ ಕೋಡನ್ನು ಬಾಯಿಂದ ಬಾಯಿಗೆ ದಾಟಿಸುವುದು ಹೇಗೆ? ನನ್ನ ಅಜ್ಜಿ ಅದನ್ನು ಕೇರಿಗೆ ಹೇಗೆ ಹೇಳಿಯಾಳು?

ಆದ್ದರಿಂದ ಆಯೋಜಕರೇ, ನಿಮ್ಮ ಚೌಕ ಮೂಲೆಯಲ್ಲಿರಲಿ. ಅದರ ಮೇಲೆ ಯಾರು, ಎಲ್ಲಿ, ಎಷ್ಟು ಗಂಟೆಗೆ, ಎಷ್ಟು ದುಡ್ಡಿಗೆ ಎಂಬ ನಾಲ್ಕು ಸಾಲನ್ನು ಕಣ್ಣಿಗೆ ಕಾಣುವ ಅಕ್ಷರಗಳಲ್ಲಿ ಬರೆಯಿರಿ. ಆ ಕಾವಲುಗಾರರು ಪಬ್ಬಿನೊಳಗೆ ಬರಲಾರರು ನಿಜ. ಆದರೆ ದಾರಿ ಕೇಳಿದವರಿಗೆ ಕೈತೋರಿಸಿ ಕಳುಹಿಸಬಲ್ಲರು.