ಷೇರು ಕಂಪ್ಯೂಟರಿನದು, ದುಡ್ಡು ಊರ ಮನೆಯದು

ಹಿಂಜವಡಿಯ ಐಟಿ ಕಚೇರಿಗಳಲ್ಲಿ ಊಟದ ಹೊತ್ತಿಗೆ ಈಗ ಕ್ರಿಕೆಟ್‌ಗಿಂತ ಷೇರಿನ ಮಾತೇ ಜಾಸ್ತಿ. ನಮ್ಮ ಮೇಜಿನಲ್ಲಿ ವಾದ ಎಬ್ಬಿಸಿರುವುದು ನೆಟ್‌ವೆಬ್ ಟೆಕ್ನಾಲಜೀಸ್. ಸರ್ವರ್, ಸೂಪರ್‌ಕಂಪ್ಯೂಟರ್ ತಯಾರಿಸುವ ಫರಿದಾಬಾದಿನ ಕಂಪನಿ. ಇಲ್ಲೇ ಪುಣೆಯ ಸಿ-ಡ್ಯಾಕ್‌ನಲ್ಲಿರುವ ‘ಐರಾವತ’ ಅವರೇ ಕಟ್ಟಿದ್ದು; 2023ರಲ್ಲಿ ಅದು ಜಗತ್ತಿನ ಅತಿ ವೇಗದ 500 ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 75ನೇ ಸ್ಥಾನ ಪಡೆಯಿತು. ಅದೇ ವರ್ಷದ ಜುಲೈನಲ್ಲಿ ಕಂಪನಿ 500 ರೂಪಾಯಿಗೆ ಷೇರು ಕೊಟ್ಟಿತು. ಮಾರುಕಟ್ಟೆಗೆ ಬಂದ ದಿನವೇ ಬೆಲೆ 900 ದಾಟಿತ್ತು.

ಬಾಗಲಕೋಟೆ ಕಡೆಯ ಕಿರಿಯ ಸಹೋದ್ಯೋಗಿಯೊಬ್ಬ ಊರಲ್ಲಿ ಮನೆ ಕಟ್ಟಲು ಕೂಡಿಟ್ಟ ಹಣವನ್ನೆಲ್ಲ ಇದಕ್ಕೇ ಹಾಕಲು ಹೊರಟಿದ್ದಾನೆ. ‘ಅಣ್ಣಾ, ಎಐ ಬಂದೈತಿ, ಸರ್ವರ್ ಎಲ್ಲಾರಿಗೂ ಬೇಕು. ಹತ್ತು ವರ್ಷ ಮುಟ್ಟದಂಗ ಇಟ್ರ ಇದೂ ವಿಪ್ರೊ ಆಗ್ತೈತಿ’ ಎಂಬುದು ಅವನ ವಾದ.

ಹಾಗಾದರೆ ವಿಪ್ರೊ ಕಥೆಯನ್ನೇ ಸರಿಯಾಗಿ ನೋಡೋಣ. 1945ರಲ್ಲಿ ಮಹಾರಾಷ್ಟ್ರದ ಅಮಳನೇರಿನಲ್ಲಿ ವನಸ್ಪತಿ ಕಂಪನಿಯಾಗಿ ಹುಟ್ಟಿತು. 1970ರ ದಶಕದ ಕೊನೆಗೆ ಐಬಿಎಂ ಭಾರತ ಬಿಟ್ಟಾಗ ಸಿಕ್ಕ ಜಾಗದಲ್ಲಿ, ಬೆಂಗಳೂರಿನಿಂದ ಕಂಪ್ಯೂಟರ್ ವ್ಯವಹಾರಕ್ಕೆ ಇಳಿಯಿತು. ಹಳೆಯ ಷೇರುದಾರರು ಶ್ರೀಮಂತರಾದದ್ದು ನಿಜ. ಆದರೆ ಆ ಸಂಪತ್ತು ಬಹುಪಾಲು ಬಂದದ್ದು ಸಾಫ್ಟ್‌ವೇರ್ ಸೇವೆಯಿಂದ. ಸ್ವಂತ ಹೆಸರಿನ ಪಿಸಿ ತಯಾರಿಕೆಯನ್ನು ವಿಪ್ರೊ 2013ರಲ್ಲಿ ನಿಲ್ಲಿಸಿತು. ಪಿಸಿಗೆ ದಾರಿ ತೋರಿಸಿದ ಐಬಿಎಂ ಕೂಡ ತನ್ನ ಪಿಸಿ ವ್ಯವಹಾರವನ್ನು 2005ರಲ್ಲಿ ಚೀನಾದ ಲೆನೊವೊಗೆ ಮಾರಿತ್ತು.

ಕಾರಣ ಸರಳ. ಪೆಟ್ಟಿಗೆ ನಮ್ಮದಾದರೂ ಒಳಗಿನ ಚಿಪ್ ಇನ್ನೊಬ್ಬರದು, ಅದರಲ್ಲಿ ಓಡುವ ವಿಂಡೋಸ್ ಮತ್ತೊಬ್ಬರದು. ಲಾಭದ ಕೆನೆ ಅವರಿಗೆ, ಜೋಡಿಸುವವನಿಗೆ ಮಜ್ಜಿಗೆ.

ಗೆಳೆಯನ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಸರ್ವರ್ ಎಂದರೆ ಅಂಗಡಿಯಲ್ಲಿ ಮಾರುವ ಪಿಸಿ ಅಲ್ಲ. ವಿನ್ಯಾಸಕ್ಕೆ, ತಂಪು ಮಾಡುವ ವ್ಯವಸ್ಥೆಗೆ, ನಂತರದ ಸೇವೆಗೆ ಬೆಲೆಯಿದೆ. ಐಟಿ ಹಾರ್ಡ್‌ವೇರ್ ತಯಾರಿಕೆಗೆ ಕೇಂದ್ರ ಸರ್ಕಾರ 2023ರ ಮೇನಲ್ಲಿ 17,000 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆಗೆ ಒಪ್ಪಿಗೆಯನ್ನೂ ಕೊಟ್ಟಿದೆ. ಆದರೆ ಎಐ ಸರ್ವರಿನ ದುಬಾರಿ ಚಿಪ್ ಇಂದಿಗೂ ಎನ್ವಿಡಿಯಾದಂಥವರ ಕೈಯಲ್ಲಿದೆ. ದೊಡ್ಡ ಆರ್ಡರ್ ಪ್ರತಿ ತಿಂಗಳು ಬರುವುದಿಲ್ಲ. ಇನ್ನು ಸರ್ಕಾರದ ನೀತಿ? ಅದೇ ಆಗಸ್ಟ್‌ನಲ್ಲಿ ಲ್ಯಾಪ್‌ಟಾಪ್, ಸರ್ವರ್ ಆಮದಿಗೆ ಪರವಾನಗಿ ಕಡ್ಡಾಯ ಎಂದು ಆದೇಶ ಬಂತು, ಮರುದಿನವೇ ಅಕ್ಟೋಬರ್ ಕೊನೆಯವರೆಗೆ ಮುಂದಕ್ಕೆ ಹೋಯಿತು. ಅಂಥ ನೆಲದ ಮೇಲೆ ಹತ್ತು ವರ್ಷದ ಲೆಕ್ಕ ಕಟ್ಟುವುದು ಕಷ್ಟ.

ನನ್ನ ಮುಖ್ಯ ತಕರಾರು ಕಂಪನಿಯ ಬಗ್ಗೆ ಅಲ್ಲ, ನಮ್ಮ ಬಗ್ಗೆ. ಊರು ಬಿಟ್ಟು ಬಂದ ನಮ್ಮ ಸಂಬಳ, ಬೋನಸ್, ಇಲ್ಲಿನ ಫ್ಲ್ಯಾಟಿನ ಕಂತು, ಅಪ್ಪ–ಅಮ್ಮನ ಔಷಧಿ ಖರ್ಚು ಎಲ್ಲವೂ ಆಗಲೇ ತಂತ್ರಜ್ಞಾನವೆಂಬ ಒಂದೇ ಹಗ್ಗಕ್ಕೆ ನೇತುಬಿದ್ದಿವೆ. ಉಳಿತಾಯವನ್ನೂ ಅದೇ ಹಗ್ಗಕ್ಕೆ ಕಟ್ಟಿದರೆ, ಎಐ ಉತ್ಸಾಹ ಇಳಿದ ದಿನ ಕೆಲಸ ಮತ್ತು ಷೇರು ಒಟ್ಟಿಗೇ ಅಲುಗಾಡುತ್ತವೆ. ಆಗ ‘ಹತ್ತು ವರ್ಷ ಮುಟ್ಟಲ್ಲ’ ಎಂದವನೇ ಸಿಕ್ಕ ಬೆಲೆಗೆ ಮಾರಬೇಕಾಗುತ್ತದೆ. ದೀರ್ಘಾವಧಿ ಎನ್ನುವುದು ಷೇರಿನ ಗುಣವಲ್ಲ, ಆ ಹಣವಿಲ್ಲದೆ ಬದುಕಬಲ್ಲ ನಮ್ಮ ತಾಕತ್ತು.

ಆಸೆಯಿದ್ದರೆ ಸ್ವಲ್ಪ ಕೊಳ್ಳಲಿ. ಕೊಳ್ಳುವ ಮುನ್ನ ವಾರ್ಷಿಕ ವರದಿಯಲ್ಲಿ ಮೂರು ಸಂಗತಿ ನೋಡಲಿ: ಎಷ್ಟು ಜನ ಗ್ರಾಹಕರ ಮೇಲೆ ವ್ಯಾಪಾರ ನಿಂತಿದೆ, ನೂರು ರೂಪಾಯಿ ಮಾರಾಟಕ್ಕೆ ಉಳಿಯುವುದೆಷ್ಟು, ಲಾಭ ಎಂದು ಬರೆದದ್ದು ನಗದಾಗಿ ಕೈಗೆ ಬರುತ್ತಿದೆಯೇ. ಪ್ರತಿವರ್ಷ ಮತ್ತೆ ನೋಡಲಿ. ಮನೆಯ ಹಣ ಮಾತ್ರ ಬ್ಯಾಂಕಿನಲ್ಲೇ ಇರಲಿ. ಮುಂದಿನ ವಿಪ್ರೊ ಯಾವುದೆಂದು ಯಾರಿಗೂ ಗೊತ್ತಿಲ್ಲ; ಬಾಗಲಕೋಟೆಯಲ್ಲಿ ಪಾಯ ತೋಡಿಸಲು ಮುಂದಿನ ಬೇಸಿಗೆಗೆ ದುಡ್ಡು ಬೇಕು ಎಂಬುದು ಅವನಿಗೆ ಗೊತ್ತಿದೆ.