ಸ್ಕೂಲು ಬಿಟ್ರಿ ಸರಿ, ಕನ್ನಡ ಯಾಕೆ ಬಿಟ್ರಿ?

ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಮಕ್ಕಳನ್ನ ಸ್ಕೂಲಿಗೆ ಕಳಿಸದೆ ಮನೆಯಲ್ಲೇ ಕಲಿಸೋ ಅಪ್ಪ-ಅಮ್ಮಂದಿರು ಈಗ ಅಲ್ಲಲ್ಲಿ ಸಿಗ್ತಾರೆ. ನನಗೆ ಪರಿಚಯ ಇರೋರಲ್ಲಿ ಹೆಚ್ಚಿನವರು ನನ್ನ ಹಾಗೇ ಸಾಫ್ಟ್‌ವೇರ್ ಮಂದಿ. ನಾನೂ ನನ್ನ ಹೆಂಡತಿಯೂ ಅದೇ ದಾರಿ ಹಿಡಿದಿದ್ದೀವಿ. ಮಗಳಿಗೆ ಬರೋ ಜೂನ್‌ಗೆ ಆರು ತುಂಬುತ್ತೆ. ಆದ್ರೂ ಈ ಪೋಸ್ಟು ನಮ್ಮ ಹೋಮ್‌ಸ್ಕೂಲಿಂಗ್ ಬಳಗದ ಮೇಲಿನ ಜಗಳ. ಸ್ವಲ್ಪ ನಿಮ್ಮ ಮೇಲೂ.

ಹೊಸದಾಗಿ ಶುರು ಮಾಡೋರು ಕೇಳೋ ಮೊದಲ ಪ್ರಶ್ನೆ "ಯಾವ ಕರಿಕ್ಯುಲಮ್?" ಅಂತ. ಉತ್ತರವಾಗಿ ಅಮೆರಿಕದ ಒಂದು ಡಬ್ಬಿ, ಇಂಗ್ಲೆಂಡಿನ ಒಂದು ವರ್ಕ್‌ಬುಕ್ಕು ಬರುತ್ತೆ. ಮಗು ಮನೇಲಿದೆ, ಅಜ್ಜಿ ಪಕ್ಕದ ರೂಮಲ್ಲಿ ಹೂ ಕಟ್ಟುತ್ತಾ ಕೂತಿದ್ದಾರೆ, ಪಾಠ ಮಾತ್ರ ಸ್ನೋಮ್ಯಾನ್ ಬಗ್ಗೆ. ಬನಶಂಕರಿಯಲ್ಲಿ ಹಿಮ ಯಾವಾಗ ಬಿತ್ತು ಸ್ವಾಮಿ? ಯೂನಿಫಾರ್ಮ್ ಬಿಟ್ರು, ಬೆಲ್ಲು ಬಿಟ್ರು, ಹೋಮ್‌ವರ್ಕ್ ಬಿಟ್ರು. ಇಂಗ್ಲಿಷ್ ಮೀಡಿಯಂ ಒಂದನ್ನ ಮಾತ್ರ ಜೋಪಾನವಾಗಿ ಹೊತ್ಕೊಂಡು ಮನೆಗೆ ತಂದ್ರು. ಕನ್ನಡ "ಆಮೇಲೆ ನೋಡೋಣ" ಪಟ್ಟಿಯಲ್ಲಿ, ಕರಾಟೆ ಮತ್ತು ಕೀಬೋರ್ಡ್ ಕ್ಲಾಸಿನ ಕೆಳಗೆ.

ನಾವು ಈ ಕಡೆ ತಿರುಗಿದ್ದೇ ಕನ್ನಡದಿಂದ. ನಮ್ಮ ಏರಿಯಾದ ಒಂದು ಶಾಲೆ (ಹೆಸರು ಬೇಡ) ಎಲ್‌ಕೆಜಿ ಸೇರಿಸೋಕೆ ಹೋದಾಗ "ಇನ್ಮೇಲೆ ಮನೇಲೂ ಮಗು ಜೊತೆ ಇಂಗ್ಲಿಷಲ್ಲೇ ಮಾತಾಡಿ" ಅಂತ ನಗುನಗುತ್ತಾ ಹೇಳಿತು. ಮನೆಗೆ ಬಂದು ಹೇಳಿದ್ರೆ ಅಮ್ಮ, "ಹಾಗಾದ್ರೆ ನಾನು ಬಾಯಿ ಮುಚ್ಕೊಂಡಿರ್ಬೇಕೇನೋ?" ಅಂದ್ರು. ಆ ಪ್ರಶ್ನೆಗೆ ಫೀಸಿನ ರಸೀದಿಯಲ್ಲಿ ಉತ್ತರ ಇರಲಿಲ್ಲ.

ಈಗ ಹಳೇ ಕಥೆ ಒಂದು. 1994ರಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂತ ಆದೇಶ ಮಾಡಿತ್ತು. ಆ ವ್ಯಾಜ್ಯ ಕೋರ್ಟಿಂದ ಕೋರ್ಟಿಗೆ ಅಲೆದು, ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು: ಮಾಧ್ಯಮ ಯಾವುದಿರಬೇಕು ಅನ್ನೋ ಆಯ್ಕೆ ಮಗುವಿನದು, ಮಗುವಿನ ಪರವಾಗಿ ತಂದೆ-ತಾಯಿಯದು, ಸರ್ಕಾರ ಹೇರೋ ಹಾಗಿಲ್ಲ. ಕನ್ನಡಕ್ಕೆ ಕುತ್ತು ಬಂತು ಅಂತ ನಾವೆಲ್ಲ ಅತ್ತಿದ್ದು ಆಯ್ತು. ಆದ್ರೆ ಅದೇ ತೀರ್ಪನ್ನ ಇನ್ನೊಂದು ತುದಿಯಿಂದ ಓದಿ ನೋಡಿ. ಕನ್ನಡವನ್ನ ಆರಿಸಿಕೊಳ್ಳೋದೂ ನನ್ನ ಹಕ್ಕೇ ತಾನೆ? ನಮ್ಮ ಮನೆಯ ಸುತ್ತಮುತ್ತ ದುಡ್ಡು ಕೊಟ್ಟು ಸೇರಿಸೋ ಶಾಲೆಗಳಲ್ಲಿ ಆ ಹಕ್ಕಿಗೆ ಅಡ್ಮಿಶನ್ ಫಾರಂನಲ್ಲಿ ಜಾಗವೇ ಇಲ್ಲ. ಉಳಿದಿದ್ದು ನಮ್ಮದೇ ಮನೆಯ ಹಜಾರ.

"ಸರ್ಕಾರಿ ಶಾಲೆ ಇಲ್ವೇನಯ್ಯಾ?" ಅಂತೀರಿ. ಇದೆ. ಮಗುವನ್ನ ಅಲ್ಲಿಗೆ ಸೇರಿಸೋರಿಗೆ ದೊಡ್ಡ ನಮಸ್ಕಾರ. ಅಪ್ಪ-ಅಮ್ಮ ಇಬ್ಬರೂ ಹೊರಗೆ ದುಡಿಯೋ ಮನೆಗೆ ಹೋಮ್‌ಸ್ಕೂಲಿಂಗ್ ಉಪದೇಶ ಮಾಡೋಕೆ ನನಗೆ ನಾಚಿಕೆ ಆಗುತ್ತೆ. ಮನೆಯಿಂದಲೇ ಕೆಲಸ ಮಾಡೋ ನನಗೆ ಬೆಳಿಗ್ಗೆ ಎರಡು ಗಂಟೆ ಸಿಗುತ್ತೆ, ಎಲ್ಲರಿಗೂ ಸಿಗಲ್ಲ. ನಾನು ಜಗಳ ಆಡ್ತಿರೋದು ಆ ಎರಡು ಗಂಟೆ ಇದ್ದೂ ಅದನ್ನ ಸ್ನೋಮ್ಯಾನ್‌ಗೆ ಕೊಡೋರ ಹತ್ರ. ಅಂದಹಾಗೆ, ಸರ್ಕಾರವೇ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡ್ತು ಅನ್ನೋದೂ ನೆನಪಿರಲಿ.

ಶುರು ಮಾಡೋಕೆ ಹೆದರಿಕೆ ಇರೋದು ಕಾನೂನಿಂದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಆರ್‌ಟಿಇ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಹತ್ತನೇ ಕಲಂ ಮಗುವನ್ನ ಶಾಲೆಗೆ ಸೇರಿಸೋದು ತಂದೆ-ತಾಯಿಯ ಕರ್ತವ್ಯ ಅನ್ನುತ್ತೆ, ಸೇರಿಸದಿದ್ರೆ ಅವರಿಗೆ ದಂಡ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹೋಮ್‌ಸ್ಕೂಲಿಂಗ್ ಅನ್ನೋ ಪದವೂ ಇಲ್ಲ. ಅಂದ್ರೆ ಒಪ್ಪಿಗೆಯ ಮುದ್ರೆ ಕೊಡೋರು ಯಾರೂ ಇಲ್ಲ, ಇದನ್ನ ತಿಳಿದೇ ಇಳಿಯಬೇಕು. ಸಮಾಧಾನದ ವಿಷಯ ನಾಲ್ಕನೇ ಕಲಂ: ಶಾಲೆಗೆ ಹೋಗದೆ ಇದ್ದ ಮಗುವನ್ನ ಯಾವಾಗ ಕರ್ಕೊಂಡು ಹೋದ್ರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ವಾಪಸ್ ಹೋಗೋ ಬಾಗಿಲು ತೆರೆದೇ ಇದೆ.

ಪರೀಕ್ಷೆಗೆ ಎನ್‌ಐಓಎಸ್ ಇದೆ, 14 ತುಂಬಿದ್ರೆ ಹತ್ತನೇ ತರಗತಿ ಮಟ್ಟದ್ದು ಬರೀಬಹುದು, ಕನ್ನಡವನ್ನ ಒಂದು ಭಾಷೆಯಾಗಿ ತಗೋಬಹುದು. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯೋ ದಾರಿಯೂ ಇದೆ, ಇದನ್ನ ನಮ್ಮ ಬಳಗದಲ್ಲಿ ಯಾರೂ ಎತ್ತಲ್ಲ. ಎಲ್ಲರೂ ಎತ್ತೋದು ಸ್ಕೂಲು ಅರ್ಧಕ್ಕೇ ಬಿಟ್ಟು 2016ರಲ್ಲಿ ಎಂಐಟಿ ಸೇರಿದ ಮುಂಬೈಯ ಮಾಳವಿಕಾ ಜೋಶಿಯ ಕಥೆಯನ್ನ. ಒಳ್ಳೇ ಕಥೆ, ಆದ್ರೆ ಎಲ್ಲರ ಮನೇಲೂ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ಪದಕ ಇರಲ್ಲ ಕಣ್ರೀ. ಬದಲಿಗೆ ಸಿಇಟಿಯ ಏಳು ವರ್ಷದ ಲೆಕ್ಕ ನೋಡ್ಕೊಳ್ಳಿ. ಕರ್ನಾಟಕದ ಕೋಟಾ ಸೀಟಿಗೆ ಮುಖ್ಯ ಅರ್ಹತೆ ಅಂದ್ರೆ ರಾಜ್ಯದಲ್ಲಿ ಏಳು ವರ್ಷ ಓದಿರೋದು. ಬೇರೆ ಕಲಂಗಳೂ ಇವೆ, ಈಗಲೇ ಓದಿ, ಹನ್ನೆರಡು ವರ್ಷ ಆದ ಮೇಲೆ ಅಲ್ಲ.

ಇನ್ನು "ಕನ್ನಡದಲ್ಲಿ ಮೆಟೀರಿಯಲ್ ಇಲ್ಲ" ಅನ್ನೋ ಮಾತು. ಇದಕ್ಕೇ ನನಗೆ ಸಿಟ್ಟು ನೆತ್ತಿಗೇರೋದು. ಮಗು ತನ್ನ ವೇಗಕ್ಕೆ ಕಲೀಬೇಕು, ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂರಬೇಕು, ಕಾರ್ಡು-ಆಟದಲ್ಲಿ ಕಲೀಬೇಕು ಅಂತ ಡಾಲರ್ ಕೊಟ್ಟು ತರಿಸ್ತೀರಲ್ಲ, ಅದನ್ನ 1995ರಲ್ಲೇ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡ್ಕೊಂಡು ಬಂದು ಕನ್ನಡದಲ್ಲಿ ಕಟ್ಟಿದ್ರು. ಹೆಸರು ನಲಿ ಕಲಿ. ನೆಲದ ಮೇಲೆ ಗುಂಪುಗುಂಪಾಗಿ ಕೂತ ಮಕ್ಕಳು, ಗೋಡೆ ಮೇಲೆ ಕಲಿಕೆಯ ಏಣಿ, ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿ. ಆಮೇಲೆ ರಾಜ್ಯವೆಲ್ಲಾ ಹರಡಿತು. ಸರ್ಕಾರಿ ಪಠ್ಯಪುಸ್ತಕ ಪಿಡಿಎಫ್ ಆಗಿ ಬಿಟ್ಟಿ ಸಿಗುತ್ತೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಿಂದ ನಡೆಸ್ತಿರೋ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಬಿಟ್ಟಿ. ಕನ್ನಡದಲ್ಲಿ ವಿಜ್ಞಾನ ಹೇಗೆ ಅಂತ ಕೇಳೋ ಇಂಜಿನಿಯರುಗಳು ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ಮೂರು ಸಂಪುಟದ 'ಬಾಲ ಪ್ರಪಂಚ' ತಂದಿದ್ದನ್ನ ಒಮ್ಮೆ ನೆನೆಸಿಕೊಳ್ಳಲಿ.

ನಮ್ಮ ಪಾಠ ಹೀಗಿದೆ. ಪುಟ್ಟೇನಹಳ್ಳಿ ಕೆರೆ ದಂಡೆಯಲ್ಲಿ ಮಿಂಚುಳ್ಳಿ, ನೀರುಕಾಗೆ ಎಣಿಸೋದು. "ಸಂಕಲನ" ಅನ್ನಲ್ಲ, ಕೂಡೋದು ಅಂತೀವಿ. ಅಜ್ಜಿ ಜೊತೆ ಹೂವಿನ ಮೊಳ ಅಳೆಯೋದು. ಇಂಗ್ಲಿಷ್ ಎಲ್ಲಿಗೂ ಓಡಿಹೋಗಲ್ಲ, ಲಿಫ್ಟಲ್ಲೇ ಸಿಗುತ್ತೆ, ಎರಡು ವರ್ಷ ಬಿಟ್ಟು ಓದೋಕೂ ಕಲಿಸ್ತೀವಿ. ಕಷ್ಟ ಇರೋದು ಜೊತೆಗಾರರದ್ದು. ಪಾರ್ಕಿನಲ್ಲಿ ಸೇರೋ ಹೋಮ್‌ಸ್ಕೂಲ್ ಮಕ್ಕಳೆಲ್ಲ ಇಂಗ್ಲಿಷಲ್ಲೇ ಆಡ್ತಾರೆ, ನಮ್ಮವಳು ಕನ್ನಡದಲ್ಲಿ ಕರೆದ್ರೆ ತಿರುಗಿ ನೋಡಲ್ಲ.

ಅಲ್ಲಿಗೇ ನಿಮ್ಮ ಮೇಲಿನ ಜಗಳ. ಬರಹ, ನುಡಿ ಕಾಲದಿಂದ ಒದ್ದಾಡಿ ಯೂನಿಕೋಡ್ ಕಲಿತು ಕನ್ನಡದಲ್ಲಿ ಬ್ಲಾಗ್ ಬರೀತೀರಿ. ನಿಮ್ಮ ಮಕ್ಕಳಲ್ಲಿ ಎಷ್ಟು ಜನ ನಿಮ್ಮ ಬ್ಲಾಗು ಓದಬಲ್ಲರು? ಸ್ಕೂಲು ಬಿಡಿಸಿ ಅಂತ ಹೇಳ್ತಿಲ್ಲ. ಆಡೋಕೆ ಕಳಿಸಿ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಲಾಲ್‌ಬಾಗ್ ಬಂಡೆ ಮೇಲೆ, ಕೆಂಪೇಗೌಡರ ಗೋಪುರದ ಹತ್ರ ಇರ್ತೀವಿ. ಸುಮಾರು 300 ಕೋಟಿ ವರ್ಷದ ಬಂಡೆ ಅದು, ಕೂತ್ಕೊಂಡೇ ಪಾಠ ಮಾಡಬಹುದು. ಷರತ್ತು ಒಂದೇ, ಮಕ್ಕಳ ಜೊತೆ ಕನ್ನಡದಲ್ಲೇ ಮಾತು. ಆಮೇಲೆ ಎಂಟಿಆರ್‌ನಲ್ಲಿ ತಿಂಡಿ. ಬಿಲ್ಲು ಅವರವರದ್ದು :-)