ಮನೆವಾರ್ತೆ: ಅಂಚೆಯಲ್ಲಿ ಬರುವ ಔಷಧ

ಮಗನೋ ಮಗಳೋ ಅಮೆರಿಕದಲ್ಲಿ ಸಂಸಾರ ಹೂಡಿರುವ ಮನೆಗಳು ನಮ್ಮ ವಾಚಕರಲ್ಲಿ ಈಗ ಅನೇಕವಾಗಿವೆ. ಅಲ್ಲಿಂದ ನಮಗೆ ಬರುವ ಪತ್ರಗಳಲ್ಲಿ ಹಬ್ಬಹರಿದಿನಗಳ ವಿಷಯವೂ ಮಕ್ಕಳಿಗೆ ಕನ್ನಡ ಕಲಿಸುವ ವಿಷಯವೂ ಹೆಚ್ಚು. ಈ ತಿಂಗಳು ನ್ಯೂಜೆರ್ಸಿ ಸಂಸ್ಥಾನದಲ್ಲಿರುವ ಸೌಭಾಗ್ಯವತಿಯೊಬ್ಬರು ಬೇರೆ ಬಗೆಯ ಪ್ರಶ್ನೆಯೊಂದನ್ನು ಕೇಳಿದ್ದಾರೆ. ಅವರ ಯಜಮಾನರು ಕೆಲಸಮಾಡುವ ಕಂಪನಿಯವರು ನೌಕರರ ಕುಟುಂಬಗಳಿಗೆ ಔಷಧವು ಅಂಚೆಯ ಮೂಲಕ ಮನೆಗೇ ಬರುವಂತೆ ಏರ್ಪಾಡು ಮಾಡಿದ್ದಾರೆ. ಬರುವ ಜನವರಿ 1ನೆಯ ತಾರೀಖಿನಿಂದ ಆ ಕೆಲಸವನ್ನು ಹಳೆಯ ಸಂಸ್ಥೆಯಿಂದ ಬಿಡಿಸಿ ಬೇರೊಂದು ಸಂಸ್ಥೆಗೆ ಒಪ್ಪಿಸಿರುವರಂತೆ. ಯಜಮಾನರಿಗೆ ರಕ್ತದ ಒತ್ತಡ. ಹನ್ನೊಂದು ವರ್ಷದ ಮಗನಿಗೆ ಮೂರ್ಛೆರೋಗ; ಔಷಧದ ಬಲದಿಂದ ಎರಡು ವರ್ಷಗಳಿಂದ ಅದು ಒಮ್ಮೆಯೂ ಮರುಕಳಿಸಿಲ್ಲ. “ನೀವು ಏನೂ ಮಾಡಬೇಕಾದುದಿಲ್ಲ, ಎಲ್ಲವೂ ತಾನಾಗಿಯೇ ವರ್ಗವಾಗುವುದು ಎಂದು ಕಂಪನಿಯ ಕಾಗದದಲ್ಲಿ ಬರೆದಿದೆ. ಅದನ್ನು ನಂಬಿ ಸುಮ್ಮನಿರಬಹುದೆ?” ಎಂದು ಆ ಸೋದರಿ ಕೇಳುತ್ತಾರೆ. ನಂಬಬಹುದು, ಆದರೆ ಸುಮ್ಮನಿರಕೂಡದು ಎಂಬುದು ನಮ್ಮ ಉತ್ತರ. ಇದಕ್ಕೆ ಕಾರಣವನ್ನು ಸ್ವಲ್ಪ ವಿಸ್ತರಿಸಿ ಹೇಳುವೆವು.

ಕೂಲಿ ಕೊಡುವ ಕಂಪನಿಗೂ ಮನೆಯ ಔಷಧಕ್ಕೂ ಏನು ಸಂಬಂಧವೆಂದು ಇಲ್ಲಿನ ವಾಚಕರಿಗೆ ಆಶ್ಚರ್ಯವಾಗಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಸರ್ಕಾರವು ಸಂಬಳಗಳನ್ನು ಮನಬಂದಂತೆ ಏರಿಸಕೂಡದೆಂದು ಕಟ್ಟುಮಾಡಿತು. ವೈದ್ಯವಿಮೆಯಂಥ ಅನುಕೂಲಗಳು ಮಾತ್ರ ಆ ಕಟ್ಟಿಗೆ ಹೊರಗಾಗಿದ್ದವು. ಕೆಲಸಗಾರರು ಸಾಕಷ್ಟು ಸಿಕ್ಕದ ಕಾಲವದು. ಸಂಬಳವನ್ನು ಏರಿಸಲಾರದ ಕಂಪನಿಗಳು ವಿಮೆಯ ಆಸೆಯನ್ನು ತೋರಿಸಿ ಜನರನ್ನು ಸೇರಿಸಿಕೊಂಡವು. 1954ರ ತೆರಿಗೆಯ ಶಾಸನವು, ಕಂಪನಿಯು ನೌಕರನ ವಿಮೆಗೆ ಕೊಡುವ ಹಣವು ನೌಕರನ ವರಮಾನವೆಂದು ಎಣಿಕೆಯಾಗುವುದಿಲ್ಲವೆಂದು ಸ್ಪಷ್ಟಪಡಿಸಿತು. ಯುದ್ಧದ ಇಕ್ಕಟ್ಟಿನಲ್ಲಿ ಹುಟ್ಟಿದ ಪದ್ಧತಿಯು ಹೀಗೆ ಆ ದೇಶದಲ್ಲಿ ಬೇರೂರಿತು.

ಅಂಚೆಯ ಮೂಲಕ ಔಷಧ ತರಿಸುವ ಪದ್ಧತಿಯು ಬೆಳೆದುದರಲ್ಲಿ ನಮ್ಮ ವೃತ್ತಿಯವರಿಗೂ ಒಂದು ಪಾಲುಂಟೆಂದು ಹೇಳಲು ನಮಗೆ ಸಂತೋಷವಾಗುತ್ತದೆ. ಎಥೆಲ್ ಪರ್ಸಿ ಆಂಡ್ರಸ್ ಎಂಬಾಕೆ ಕ್ಯಾಲಿಫೋರ್ನಿಯದಲ್ಲಿ ಬಹುಕಾಲ ಪಾಠಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಮುಪ್ಪಿನಲ್ಲಿ ಉಪಾಧ್ಯಾಯರು ಪಡುವ ಕಷ್ಟವನ್ನು ಕಂಡು 1947ರಲ್ಲಿ ನಿವೃತ್ತ ಉಪಾಧ್ಯಾಯರ ರಾಷ್ಟ್ರೀಯ ಸಂಘವನ್ನೂ, 1958ರಲ್ಲಿ ನಿವೃತ್ತರೆಲ್ಲರಿಗೂ ತೆರೆದಿರುವ ಮತ್ತೊಂದು ಸಂಘವನ್ನೂ ಸ್ಥಾಪಿಸಿದರು. 1959ರಲ್ಲಿ ಈ ಸಂಘಗಳು ತಮ್ಮ ಸದಸ್ಯರಿಗೆ ಕಡಮೆ ಬೆಲೆಯಲ್ಲಿ ಔಷಧವನ್ನು ಅಂಚೆಯ ಮೂಲಕ ಕಳುಹಿಸುವ ಏರ್ಪಾಡನ್ನು ಮಾಡಿದವು. ನಡೆದಾಡಲಾರದ ಮುದುಕರ ಬಾಗಿಲಿಗೇ ಮದ್ದು ಬಂದುದು ಸಾಮಾನ್ಯ ಉಪಕಾರವಲ್ಲ.

ಇಂದು ಆ ಕೆಲಸವು ದೊಡ್ಡ ವ್ಯಾಪಾರವಾಗಿದೆ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯು ಹೇಳುತ್ತದೆ. ಅಮೆರಿಕದಲ್ಲಿ ಇವುಗಳ ನಡುವೆ ಐದನೆಯ ಪಾದವೊಂದು ಸೇರಿಕೊಂಡಿದೆ. ಕಂಪನಿಯ ಪರವಾಗಿ ಔಷಧದ ಬೆಲೆಯನ್ನು ಗೊತ್ತುಮಾಡುವ, ಯಾವ ಔಷಧಕ್ಕೆ ವಿಮೆಯ ಹಣ ಸಲ್ಲುವುದೆಂದು ಪಟ್ಟಿ ಮಾಡುವ, ತನ್ನದೇ ಅಂಚೆಯ ಅಂಗಡಿಯನ್ನೂ ನಡೆಸುವ ಮಧ್ಯವರ್ತಿ ಸಂಸ್ಥೆಯೇ ಅದು. ಇಂಥ ಸಂಸ್ಥೆಗಳು ಹಲವಿದ್ದರೂ, ಸೀವೀಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರೆಕ್ಸ್ ಎಂಬ ಮೂರೇ ಸಂಸ್ಥೆಗಳು 2023ರಲ್ಲಿ ಆ ದೇಶದ ಔಷಧದ ಚೀಟಿಗಳಲ್ಲಿ ನೂರಕ್ಕೆ ಸುಮಾರು 80ರಷ್ಟನ್ನು ನಿರ್ವಹಿಸಿದುವೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈ ತಿಂಗಳಿನ ವರದಿಯಲ್ಲಿ ತಿಳಿಸಿತು. ಕಂಪನಿಗೂ ಇಂಥ ಸಂಸ್ಥೆಗೂ ಕೆಲವು ವರ್ಷಗಳ ಕರಾರು ಇರುವುದು. ಕರಾರು ಮುಗಿದಾಗ ಕಡಮೆ ಬೆಲೆ ಹೇಳಿದವರಿಗೆ ಕೆಲಸವು ಹೋಗುವುದು. ಔಷಧ ತಿನ್ನುವ ನೌಕರನನ್ನು ಆಗ ಯಾರೂ ಕೇಳುವುದಿಲ್ಲ. ವರ್ಷದ ಕೊನೆಯಲ್ಲಿ ಅವನಿಗೆ ಒಂದು ಕಾಗದ ಬರುವುದು, ಹೊಸದೊಂದು ಕಾರ್ಡು ಬರುವುದು, ಅಷ್ಟೆ.

ನಾವು ಪಾಠಶಾಲೆಯಲ್ಲಿದ್ದಾಗ ಊರು ಬಿಟ್ಟು ಹೋಗುವ ಹುಡುಗರಿಗೆ ವರ್ಗಾವಣೆಯ ಪತ್ರವನ್ನು ಬರೆದುಕೊಡುತ್ತಿದ್ದೆವು. ಹುಡುಗನ ಹೆಸರು, ಹುಟ್ಟಿದ ತಾರೀಖು, ಓದುತ್ತಿದ್ದ ತರಗತಿ ಇವೆಲ್ಲವೂ ಅದರಲ್ಲಿ ಇರುತ್ತಿದ್ದವು. ಅವನಿಗೆ ಎಡಗಿವಿ ಮಂದ, ಮುಂದಿನ ಬೆಂಚಿನಲ್ಲಿ ಕೂರಿಸಬೇಕು ಎಂಬ ಮಾತಿಗೆ ಆ ಪತ್ರದಲ್ಲಿ ಸ್ಥಳವಿರಲಿಲ್ಲ. ತಾಯಿ ಹೋಗಿ ಹೊಸ ಉಪಾಧ್ಯಾಯರಿಗೆ ಹೇಳಿದರೆ ಉಂಟು, ಇಲ್ಲದಿದ್ದರೆ ಹುಡುಗನು ಅರ್ಧ ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು ದಡ್ಡನೆನಿಸಿಕೊಳ್ಳುವನು. ಔಷಧದ ಲೆಕ್ಕವು ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ಹೋಗುವಾಗಲೂ ಇದೇ ಸ್ಥಿತಿ.

ಹೋಗತಕ್ಕುದು ಯಾವುದು, ಉಳಿಯತಕ್ಕುದು ಯಾವುದು ಎಂಬುದನ್ನು ಗೃಹಸ್ಥನು ಮೊದಲು ತಿಳಿಯಬೇಕು. ವೈದ್ಯರು ಬರೆದ ಚೀಟಿಯಲ್ಲಿ ಇನ್ನೂ ಕೆಲವು ಸಲ ಔಷಧ ಪಡೆಯುವ ಹಕ್ಕು, ಅಂದರೆ ಅಲ್ಲಿಯವರು ರೀಫಿಲ್ ಎನ್ನುವುದು, ಉಳಿದಿದ್ದರೆ ಅದು ಸಾಮಾನ್ಯವಾಗಿ ಹೊಸ ಸಂಸ್ಥೆಗೆ ಹೋಗುವುದು. ರೀಫಿಲ್ ಮುಗಿದ ಚೀಟಿ ಹೋಗುವುದಿಲ್ಲ. ಅವಧಿ ಮೀರಿದ ಚೀಟಿ ಹೋಗುವುದಿಲ್ಲ. ಸರ್ಕಾರವು ನಿರ್ಬಂಧಿಸಿರುವ ಔಷಧಗಳ ಚೀಟಿಗಳು ಬಹುಮಟ್ಟಿಗೆ ಹೋಗುವುದಿಲ್ಲ, ವೈದ್ಯರು ಹೊಸದಾಗಿ ಬರೆಯಬೇಕು. ಮೂರ್ಛೆರೋಗಕ್ಕೆ ಕೊಡುವ ಫಿನೊಬಾರ್ಬಿಟಾಲ್, ಕ್ಲೋಬಜಾಮ್ ಎಂಬ ಔಷಧಗಳು ಈ ನಿರ್ಬಂಧಿತ ವರ್ಗಕ್ಕೆ ಸೇರಿದವೆಂಬುದನ್ನು ಪತ್ರ ಬರೆದ ಸೋದರಿ ಗಮನಿಸಬೇಕು. ದುಬಾರಿ ಔಷಧಕ್ಕೆ ಹಳೆಯ ಸಂಸ್ಥೆಯಿಂದ ಪಡೆದಿದ್ದ ಪೂರ್ವಾನುಮತಿಯನ್ನು ಹೊಸಬರು ಒಪ್ಪದೆ ಪುನಃ ಕೇಳುವುದುಂಟು. ಹಣ ಸಲ್ಲಿಸಲು ಕೊಟ್ಟಿದ್ದ ಬ್ಯಾಂಕಿನ ಕಾರ್ಡಿನ ವಿವರವೂ, ತಾನಾಗಿಯೇ ಔಷಧ ಬರುವಂತೆ ಮಾಡಿಕೊಂಡಿದ್ದ ಏರ್ಪಾಡೂ ಸಾಮಾನ್ಯವಾಗಿ ಹೋಗುವುದಿಲ್ಲ. ಇಂಥ ಔಷಧ ಇವರಿಗೆ ಮೈಗೊಗ್ಗದು, ಕೀಲುನೋವಿನ ಮುದುಕರಿಗೆ ಸುಲಭವಾಗಿ ತೆರೆಯುವ ಮುಚ್ಚಳ ಬೇಕು ಎಂಬಂಥ ಸಂಗತಿಗಳನ್ನು ಮನೆಯವರೇ ಹೊಸದಾಗಿ ತಿಳಿಸುವುದು ಲೇಸು.

ಇದಲ್ಲದೆ ಪಟ್ಟಿಯ ವಿಚಾರವಿದೆ. ಹಳೆಯ ಸಂಸ್ಥೆಯ ಪಟ್ಟಿಯಲ್ಲಿದ್ದ ಔಷಧವು ಹೊಸದರ ಪಟ್ಟಿಯಲ್ಲಿ ಇಲ್ಲದಿರಬಹುದು, ಅಥವಾ ಹೆಚ್ಚು ಬೆಲೆಯ ದರ್ಜೆಯಲ್ಲಿರಬಹುದು. ಆಗ ಅದೇ ಗುಣದ ಬೇರೊಂದು ಔಷಧವನ್ನು ತೆಗೆದುಕೊಳ್ಳಿರೆಂದು ಹೇಳುವರು. ರಕ್ತದ ಒತ್ತಡದ ಔಷಧಗಳಲ್ಲಿ ಇದು ಬಹಳ ವೇಳೆ ನಡೆಯುತ್ತದೆ. ಮೂರ್ಛೆರೋಗದಲ್ಲಿ ವೈದ್ಯರ ಒಪ್ಪಿಗೆಯಿಲ್ಲದೆ ಇಂಥ ಬದಲಾವಣೆಗೆ ತಲೆಬಾಗಕೂಡದು. ಈ ಔಷಧವೇ ಬೇಕೆಂದು ವೈದ್ಯರು ಕಾರಣ ಬರೆದು ಕೇಳುವುದಕ್ಕೆ ಅವಕಾಶವುಂಟು. ನಿರಾಕರಿಸಿದರೆ ಮೇಲ್ಮನವಿಗೂ ಅವಕಾಶವುಂಟು. ಆದರೆ ಇವೆಲ್ಲಕ್ಕೂ ದಿನಗಳು ಹಿಡಿಯುತ್ತವೆ; ಡಬ್ಬಿಯಲ್ಲಿನ ಗುಳಿಗೆಗಳು ಅಷ್ಟು ದಿನ ಕಾಯುವುದಿಲ್ಲ.

ಈ ನಡುವಣ ದಿನಗಳ ಅಪಾಯವು ಎಂಥದೆಂಬುದನ್ನು ಒಂದು ಸಂಗತಿಯಿಂದ ತಿಳಿಯಬಹುದು. ಓಹಾಯೋ ಸಂಸ್ಥಾನದಲ್ಲಿ ಮಧುಮೇಹದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ 36 ವರ್ಷದ ಗೃಹಸ್ಥನೊಬ್ಬನು 2013ರ ಡಿಸೆಂಬರ್ ಕೊನೆಯ ದಿನ ಔಷಧದಂಗಡಿಗೆ ಹೋದನು. ಅವನ ಚೀಟಿಯ ಅವಧಿ ಮುಗಿದಿತ್ತು. ಹೊಸ ವರ್ಷದ ರಜೆಯಾದುದರಿಂದ ವೈದ್ಯರು ದೊರೆಯಲಿಲ್ಲ. ಚೀಟಿಯಿಲ್ಲದೆ ಕೊಡಲು ಅಂಗಡಿಯವರಿಗೆ ಅಧಿಕಾರವಿರಲಿಲ್ಲ. ಜನವರಿ ತಿಂಗಳಲ್ಲಿ ಅವನು ಇನ್ಸುಲಿನ್ ಇಲ್ಲದೆ ತೀರಿಕೊಂಡನು. ಅವನ ತಂದೆತಾಯಿಗಳು ಹೋರಾಡಿದುದರಿಂದ, ಇಂಥ ವೇಳೆಯಲ್ಲಿ ಅಂಗಡಿಯವರೇ ತುರ್ತಾಗಿ ಔಷಧ ಕೊಡುವುದಕ್ಕೆ ಅಧಿಕಾರ ನೀಡುವ ಕಾನೂನು 2015ರ ಕೊನೆಯಲ್ಲಿ ಆ ಸಂಸ್ಥಾನದಲ್ಲಿ ಆಯಿತು. ಬೇರೆ ಅನೇಕ ಸಂಸ್ಥಾನಗಳಲ್ಲಿಯೂ ಇಂಥ ನಿಯಮಗಳಿವೆ. ಎಷ್ಟು ದಿನದ ಔಷಧವೆಂಬುದು ಒಂದೊಂದು ಕಡೆ ಒಂದೊಂದು ಬಗೆ. ಆ ದುರಂತವು ಸಂಸ್ಥೆಯ ಬದಲಾವಣೆಯಿಂದ ಆದುದಲ್ಲ. ಆದರೆ ಮುಗಿದ ಚೀಟಿ, ಮುಚ್ಚಿದ ವೈದ್ಯಶಾಲೆ, ವರ್ಷದ ಸಂಧಿ, ಈ ಮೂರೂ ಜನವರಿ 1ರ ಬದಲಾವಣೆಯಲ್ಲಿಯೂ ಒಟ್ಟಿಗೆ ಕೂಡಬಹುದು. ನಾವು ಸುಮ್ಮನಿರಕೂಡದೆಂದುದು ಈ ಕಾರಣದಿಂದಲೇ.

ಇನ್ನು ಮಾಡತಕ್ಕ ಕೆಲಸವನ್ನು ಹೇಳುವೆವು. ಕಾಗದ ಬಂದ ದಿನವೇ ಮನೆಯ ಔಷಧಗಳನ್ನೆಲ್ಲ ಮೇಜಿನ ಮೇಲಿಟ್ಟು ಒಂದು ಪಟ್ಟಿ ಮಾಡಬೇಕು. ಔಷಧದ ಹೆಸರು, ಎಷ್ಟು ಮಿಲಿಗ್ರಾಮು, ದಿನಕ್ಕೆ ಎಷ್ಟು ಸಲ, ಬರೆದ ವೈದ್ಯರು ಯಾರು, ಉಳಿದ ರೀಫಿಲ್ ಎಷ್ಟು, ಗುಳಿಗೆಗಳು ಯಾವ ತಾರೀಖಿಗೆ ಮುಗಿಯುವುವು, ಇಷ್ಟೂ ಅದರಲ್ಲಿರಬೇಕು. ಆ ಪಟ್ಟಿಯನ್ನು ಹಿಡಿದು ಹೊಸ ಸಂಸ್ಥೆಗೆ ದೂರವಾಣಿ ಮಾಡಿ, ಒಂದೊಂದು ಔಷಧವೂ ಅವರ ಪಟ್ಟಿಯಲ್ಲಿ ಇದೆಯೆ, ಪೂರ್ವಾನುಮತಿ ಬೇಕೆ, ನಮ್ಮ ಪಾಲಿನ ಹಣವೆಷ್ಟು ಎಂದು ಕೇಳಿ ಬರೆದುಕೊಳ್ಳಬೇಕು. ಉತ್ತರ ಕೊಟ್ಟವರ ಹೆಸರನ್ನೂ ತಾರೀಖನ್ನೂ ಬರೆಯುವುದನ್ನು ಮರೆಯಬಾರದು.

ಎರಡನೆಯದಾಗಿ, ಹಳೆಯ ಸಂಸ್ಥೆಯಿಂದ ಡಿಸೆಂಬರ್ ತಿಂಗಳಲ್ಲಿಯೇ ಕೊನೆಯ ಸಲ 90 ದಿನಗಳ ಔಷಧವನ್ನು ತರಿಸಿಕೊಳ್ಳಬೇಕು. ಹಿಂದಿನ ಔಷಧವು ಸುಮಾರು ಮುಕ್ಕಾಲು ಪಾಲು ಮುಗಿದ ಹೊರತು ಸಾಮಾನ್ಯವಾಗಿ ಪುನಃ ಕೊಡುವುದಿಲ್ಲವಾದುದರಿಂದ, 90 ದಿನಗಳ ಡಬ್ಬಿಗೆ ಎರಡು ತಿಂಗಳ ಮೇಲೆ ಒಂದು ವಾರ ಕಳೆದ ಕೂಡಲೆ ಕೇಳುವುದು ಯುಕ್ತ. ಇದರಿಂದ ಮೂರು ವಾರಗಳ ಔಷಧವು ಕೈಯಲ್ಲಿ ಉಳಿಯುವುದು. ಇದರಲ್ಲಿ ಹಣದ ಅನುಕೂಲವೂ ಉಂಟು. ಅನೇಕ ವಿಮೆಗಳಲ್ಲಿ ಮೊದಲು ಇಷ್ಟು ಡಾಲರುಗಳನ್ನು ಕುಟುಂಬವೇ ಕೊಡಬೇಕೆಂಬ ಕರಾರಿದೆ. ಇದನ್ನು ಡಿಡಕ್ಟಿಬಲ್ ಎನ್ನುವರು. ಆ ಲೆಕ್ಕವು ಜನವರಿಯಿಂದ ಹೊಸದಾಗಿ ಆರಂಭವಾಗುವ ಮನೆಗಳಲ್ಲಿ, ಡಿಸೆಂಬರ್‌ನಲ್ಲಿ ಕೊಂಡ ಔಷಧವು ಅಗ್ಗವಾಗಬಹುದು.

ಮೂರನೆಯದಾಗಿ, ತಪ್ಪಿದರೆ ಪ್ರಾಣಕ್ಕೆ ಬರುವ ಔಷಧಗಳಿಗೆ ವೈದ್ಯರಿಂದ ಎರಡು ಚೀಟಿಗಳನ್ನು ಬರೆಯಿಸಬೇಕು. 90 ದಿನಗಳದು ಹೊಸ ಅಂಚೆಯ ಸಂಸ್ಥೆಗೆ. 30 ದಿನಗಳದು ಮನೆಯ ಹತ್ತಿರದ ಔಷಧದಂಗಡಿಗೆ. ಎರಡನ್ನೂ ಒಮ್ಮೆಗೇ ಕೇಳಿದರೆ ವಿಮೆಯವರು ತಡೆಯುವುದುಂಟು. ಆದುದರಿಂದ ಹತ್ತಿರದ ಅಂಗಡಿಯ ಚೀಟಿಯನ್ನು ಆಪತ್ತಿಗೆಂದು ಕಾದಿರಿಸಬೇಕು. ಹೊಸ ಸಂಸ್ಥೆಯ ಮೊದಲನೆಯ ಕಟ್ಟು ಬರುವುದಕ್ಕೆ ಎರಡು ವಾರಗಳೇ ಹಿಡಿಯಬಹುದೆಂದು ಎಣಿಸಿಕೊಳ್ಳುವುದು ಕ್ಷೇಮ.

ಎಲ್ಲ ಔಷಧಗಳೂ ಒಂದೇ ಬಗೆಯವಲ್ಲ. ಥೈರಾಯಿಡ್‌ಗೆ ಕೊಡುವ ಲೀವೊಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ; ಎರಡು ದಿನ ತಡವಾದರೆ ಗಾಬರಿಪಡಬೇಕಾದುದಿಲ್ಲ. ಮೂರ್ಛೆರೋಗದ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ರೋಗವು ಮರುಕಳಿಸಬಹುದು. ರಕ್ತದ ಒತ್ತಡಕ್ಕೂ ಹೃದಯಕ್ಕೂ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್‌ಗಳಂಥ ಔಷಧಗಳನ್ನು ಥಟ್ಟನೆ ಬಿಟ್ಟರೆ ಎದೆನೋವು ಕೆರಳಬಹುದು. ಇನ್ಸುಲಿನ್ನಿಗೆ ಎರಡು ಭಯಗಳುಂಟು: ತಡವಾಗಬಾರದು, ಕಾಯಬಾರದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೂ ಕೂಡದು. ಅದು ಬರುವ ದಿನ ಮನೆಯಲ್ಲಿ ಒಬ್ಬರು ಇರುವಂತೆ ನೋಡಿಕೊಳ್ಳಬೇಕು. ಜನವರಿಯ ಹಿಮದಲ್ಲಿ ಬಾಗಿಲ ಹೊರಗೆ ರಾತ್ರಿಯೆಲ್ಲ ಬಿದ್ದಿದ್ದ ಕಟ್ಟನ್ನು ಅಂಗಡಿಯವರನ್ನು ಕೇಳದೆ ಉಪಯೋಗಿಸಬಾರದು. ಹೊಸ ಡಬ್ಬಿಯ ಗುಳಿಗೆಯ ಬಣ್ಣವೋ ಆಕಾರವೋ ಬೇರೆಯಾಗಿದ್ದರೆ, ಬೇರೊಬ್ಬ ತಯಾರಕರದೆಂಬುದೇ ಸಾಮಾನ್ಯವಾಗಿ ಕಾರಣ. ಆದರೂ ಚೀಟಿಯನ್ನು ಓದಿ, ಕೇಳಿ, ಬಳಿಕ ನುಂಗಬೇಕು.

ಈ ಊರಿನಲ್ಲಿರುವ ಅಜ್ಜ ಅಜ್ಜಿಯರಿಗೂ ಎರಡು ಮಾತುಗಳನ್ನು ಹೇಳಬೇಕು. ಮಕ್ಕಳ ಕಂಪನಿಯ ಇಂಥ ಸೌಲಭ್ಯವು ಹೆಂಡತಿಗೂ 26 ವರ್ಷದೊಳಗಿನ ಮಕ್ಕಳಿಗೂ ಸಲ್ಲುವುದೇ ಹೊರತು, ನೋಡಿ ಬರಲು ಹೋದ ತಂದೆತಾಯಿಗಳಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಆದುದರಿಂದ ಹೋಗುವವರು ತಮ್ಮ ಔಷಧವನ್ನೂ ವೈದ್ಯರ ಚೀಟಿಯನ್ನೂ ಜೊತೆಗೆ ಒಯ್ಯಬೇಕು. ಅಲ್ಲಿ ಕೆಲವು ಔಷಧಗಳ ಹೆಸರೂ ಬೇರೆ. ನಮ್ಮ ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೊಫೆನ್. ನಮ್ಮ ಸಾಲ್ಬ್ಯುಟಮಾಲ್ ಅಲ್ಲಿ ಆಲ್ಬ್ಯುಟರಾಲ್. ನಮ್ಮ ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್.

ಚರಕಸಂಹಿತೆಯು ಒಳ್ಳೆಯ ರೋಗಿಗೆ ಇರಬೇಕಾದ ಗುಣಗಳನ್ನು ಎಣಿಸುವಾಗ ಸ್ಮೃತಿಯನ್ನೂ, ತನ್ನ ರೋಗದ ಸ್ಥಿತಿಯನ್ನು ತಿಳಿಸಬಲ್ಲ ಶಕ್ತಿಯನ್ನೂ ಹೇಳಿದೆ. ರೋಗಿಯು ಮಗುವಾದರೆ ಈ ಎರಡು ಗುಣಗಳೂ ಪರಿಚಾರಕರಲ್ಲಿ, ಅಂದರೆ ತಾಯಿತಂದೆಗಳಲ್ಲಿ, ಇರಬೇಕಾಗುತ್ತದೆ. ಮಧ್ಯವರ್ತಿ ಸಂಸ್ಥೆಗಳು ಕರಾರಿನಂತೆ ಬರುವುವು, ಹೋಗುವುವು. ಅವುಗಳ ಕಡತಗಳಲ್ಲಿ ನಮ್ಮ ಮನೆಯ ನೆನಪು ಉಳಿಯುವುದೆಂದು ಎಣಿಸಲಾಗದು. ಔಷಧದ ಪಟ್ಟಿಯೊಂದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ, ಅದರ ಪ್ರತಿಯೊಂದನ್ನು ಕೈಚೀಲದಲ್ಲಿಟ್ಟರೆ ಆ ನೆನಪು ಮನೆಯಲ್ಲಿಯೇ ಉಳಿಯುವುದು. ಇಲ್ಲಿನ ಹಿರಿಯರು ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುವಾಗ, ಊಟವಾಯಿತೆ ಎಂದು ಕೇಳಿದ ಬಳಿಕ, ಡಿಸೆಂಬರ್ ತಿಂಗಳಿನಲ್ಲಿ ಮತ್ತೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಲಿ: “ಮದ್ದು ಎಷ್ಟು ದಿನಕ್ಕಿದೆ?”